ನಮ್ಮ ಶಾಯಿ ಕಥೆ ಯಾರು ಹೇಳ್ತಾರೆ?

ಮಾನ್ಯರೇ,

ಕಳೆದ ವಾರ ಮೈಸೂರಿನ ವಿಶ್ವವಿದ್ಯಾಲಯವೊಂದರಲ್ಲಿ ಏಷ್ಯಾದ ವ್ಯಾಪಾರದ ಬಗ್ಗೆ ಸಮ್ಮೇಳನ ನಡೆಯಿತು. ಮಗಳ ಜೊತೆ ನಾನೂ ಹೋಗಿದ್ದೆ. ದೊಡ್ಡ ದೊಡ್ಡ ಕಂಪನಿಗಳ ಮುಖ್ಯಸ್ಥರು ಬಂದಿದ್ದರು. ಚೆನ್ನಾಗಿಯೇ ಮಾತಾಡಿದರು, ಸುಳ್ಳು ಹೇಳಬಾರದು. ಸ್ಯಾಮ್‌ಸಂಗ್ 1938ರಲ್ಲಿ ಒಣಮೀನು, ನೂಡಲ್ಸ್ ಮಾರುತ್ತಾ ಶುರುವಾಯಿತು, ಟೊಯೋಟಾ ಮಗ್ಗ ಮಾಡುವ ಕಾರ್ಖಾನೆಯಿಂದ ಹುಟ್ಟಿ 1937ರಲ್ಲಿ ಬೇರೆ ಕಂಪನಿಯಾಯಿತು ಅಂತೆಲ್ಲ ಕೇಳಿ ಖುಷಿಯಾಯಿತು.

ಅದೇ 1937ರಲ್ಲಿ ನಾಲ್ವಡಿಯವರು ನಮ್ಮೂರಲ್ಲೇ ಅರಗು ಮತ್ತು ಬಣ್ಣದ ಕಾರ್ಖಾನೆ ಶುರು ಮಾಡಿದ್ದರಲ್ವಾ? ಇವತ್ತು ಅದೇ ಮೈಸೂರು ಪೇಂಟ್ಸ್. 1962ರಿಂದ ದೇಶದ ಚುನಾವಣೆಗೆ ಬೆರಳಿನ ಶಾಯಿ ಕೊಡುತ್ತಿದೆ, ನೇಪಾಳ, ಕಾಂಬೋಡಿಯಾಕ್ಕೂ ಕಳಿಸಿದೆ. ಏಷ್ಯಾದ ವ್ಯಾಪಾರ ಅಂದರೆ ಇದೂ ಹೌದು ತಾನೇ! ಇಡೀ ದಿನ ಒಬ್ಬರ ಬಾಯಲ್ಲೂ ಅದರ ಹೆಸರು ಬರಲಿಲ್ಲ.

ಕೊನೆಗೆ ಪ್ರಶ್ನೆಗೆ ಸಮಯ ಕೊಟ್ಟಿದ್ದು ಹತ್ತೇ ನಿಮಿಷ. ಹಿಂದಿನ ಸಾಲಿನ ಹುಡುಗನೊಬ್ಬ, ಮಂಡ್ಯದ ಕಡೆಯವನಿರಬೇಕು, ಬೆಲ್ಲ ರಫ್ತು ಮಾಡೋದು ಹೇಗೆ ಅಂತ ಕನ್ನಡದಲ್ಲಿ ಕೇಳಿದ. ಮೈಕು ಸುಮ್ನೆ ಮುಂದಿನವರಿಗೆ ಹೋಯಿತು. ಮುಂದಿನ ಸಲ ಆ ಹುಡುಗನಿಗೆ ಉತ್ತರ ಕೊಡಬಲ್ಲವರನ್ನೂ ವೇದಿಕೆಗೆ ಕರೆಯಿರಿ.

- ಒಬ್ಬ ಪೋಷಕ, ಸರಸ್ವತಿಪುರಂ, ಮೈಸೂರು