ಪುಟ್ಟಿಗೆ, ಕೇಟ್ ಬುಷ್ ವಿಷಯ

ವೆಲ್ಲಿಂಗ್, ಲಂಡನ್

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಓದಿ ತುಂಬಾ ಕೋಪ ಬಂತು. ನಿನ್ನ ಮೇಲಲ್ಲ. "ನೀನು ಹಾಡು, ಸಾಕು. ಬರೆಯೋದು, ರಾಗ ಹಾಕೋದು ಬೇರೆಯವರು ನೋಡ್ಕೊಳ್ತಾರೆ" ಅಂತ ಹೇಳಿ ಕಳಿಸಿದರಲ್ಲ, ಅವರ ಮೇಲೆ. ಅದಕ್ಕೇ ಈ ಸಲ ಚಳಿ, ಮಳೆ ಏನೂ ಬರೆಯಲ್ಲ. ತನ್ನ ಹಾಡು ತಾನೇ ಬರೆದು ಹಾಡುವ ಇಲ್ಲಿನ ಗಾಯಕಿ ಕೇಟ್ ಬುಷ್ ಬಗ್ಗೆ ಹೇಳುತ್ತೇನೆ.

ಆಕೆ ಬೆಳೆದದ್ದು ನಮ್ಮ ವೆಲ್ಲಿಂಗ್‌ನಲ್ಲೇ, ಒಂದು ಹಳೇ ಫಾರ್ಮ್ ಮನೆಯಲ್ಲಿ. ಅಪ್ಪ ಡಾಕ್ಟರು, ಅಮ್ಮ ಐರ್ಲೆಂಡಿನವರು. ಮನೆಯಲ್ಲೇ ಪಿಯಾನೋ ನುಡಿಸುತ್ತಾ ಹಾಡು ಕಟ್ಟುತ್ತಿದ್ದಳು. 13ನೇ ವಯಸ್ಸಿನಲ್ಲಿ ಬರೆದ ಹಾಡೊಂದು ಮುಂದೆ ಮೊದಲ ಆಲ್ಬಮ್‌ಗೆ ಸೇರಿತು ಅಂದರೆ ನೋಡು. ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಆಕೆಯ ಹಾಡುಗಳ ಟೇಪು ಕೇಳಿ, 1975ರಲ್ಲಿ ತನ್ನ ಕೈಯಿಂದಲೇ ದುಡ್ಡು ಹಾಕಿ ಒಳ್ಳೇ ಸ್ಟುಡಿಯೋದಲ್ಲಿ ಹಾಡಿಸಿದರು. ಇಎಂಐ ಅನ್ನುವ ರೆಕಾರ್ಡ್ ಕಂಪನಿ ಒಪ್ಪಿಕೊಂಡಿತು. ಆದರೆ ಆಲ್ಬಮ್ ಕೂಡಲೇ ಬರಲಿಲ್ಲ. ಆಕೆ ಡ್ಯಾನ್ಸು, ಮೂಕಾಭಿನಯ ಕಲಿತಳು. ಬ್ಯಾಂಡ್ ಕಟ್ಟಿಕೊಂಡು ಇಲ್ಲಿನ ಪಬ್‌ಗಳಲ್ಲಿ ಹಾಡಿದಳು.

ಮೊದಲ ಹಾಡು ಯಾವುದು ಬಿಡಬೇಕು ಅನ್ನುವಾಗ ಕಂಪನಿಯವರು ಬೇರೆ ಹಾಡು ಆರಿಸಿದ್ದರು. ಈಕೆ ಒಪ್ಪಲಿಲ್ಲ. 'ವುದರಿಂಗ್ ಹೈಟ್ಸ್' ಅನ್ನೇ ಬಿಡಿ ಅಂದಳು. ಎಮಿಲಿ ಬ್ರಾಂಟೆಯ ಅದೇ ಹೆಸರಿನ ಕಾದಂಬರಿಯಲ್ಲಿ ಸತ್ತುಹೋದ ಹುಡುಗಿ ಕಿಟಕಿ ಹತ್ತಿರ ಬಂದು ಒಳಗೆ ಬಿಡು ಅಂತ ಬೇಡುತ್ತಾಳಲ್ಲ, ಅವಳ ಬಾಯಲ್ಲಿ ಇಡೀ ಹಾಡು. ದನಿ ತಾರಸ್ಥಾಯಿ ಬಿಟ್ಟು ಇಳಿಯುವುದೇ ಅಪರೂಪ. ಇಂಥದ್ದು ಯಾರು ಕೇಳ್ತಾರೆ ಅನಿಸುತ್ತೆ ಅಲ್ವಾ? 1978ರ ಮಾರ್ಚ್‌ನಲ್ಲಿ ಬ್ರಿಟನ್‌ನಲ್ಲಿ ನಂಬರ್ ಒನ್ ಆಯಿತು. ನಾಲ್ಕು ವಾರ ಅಲ್ಲೇ ಇತ್ತು. ತಾನೇ ಬರೆದು ತಾನೇ ಹಾಡಿ ಇಲ್ಲಿ ಮೊದಲ ಸ್ಥಾನಕ್ಕೆ ಬಂದ ಮೊದಲ ಹೆಣ್ಣು ಕಣೇ ಆಕೆ. ಆಗ ವಯಸ್ಸು 19.

ಮರುವರ್ಷ ಟೂರ್ ಮಾಡಿದಳು. ಕುಣಿಯುತ್ತಾ ಹಾಡಬೇಕಿತ್ತು, ಕೈಯಲ್ಲಿ ಮೈಕ್ ಹಿಡಿದರೆ ಆಗಲ್ಲ. ಬಟ್ಟೆ ಹ್ಯಾಂಗರಿನ ತಂತಿ ಬಗ್ಗಿಸಿ ತಲೆಗೆ ಸಿಕ್ಕಿಸುವ ಮೈಕ್ ಮಾಡಿಕೊಂಡರಂತೆ. ಅದಾದ ಮೇಲೆ ಆಕೆ ದೊಡ್ಡ ಕಛೇರಿ ಕೊಟ್ಟದ್ದು 2014ರಲ್ಲೇ, ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ, 22 ರಾತ್ರಿ.

ನನಗೆ ಜಾಸ್ತಿ ಇಷ್ಟವಾದದ್ದು ನಡುವಿನ ಕಥೆ. 1982ರಲ್ಲಿ 'ದ ಡ್ರೀಮಿಂಗ್' ಆಲ್ಬಮ್ ಅನ್ನು ಪೂರ್ತಿ ತಾನೇ ಪ್ರೊಡ್ಯೂಸ್ ಮಾಡಿದಳು. ಹಿಂದಿನವುಗಳಷ್ಟು ಮಾರಾಟ ಆಗಲಿಲ್ಲ. ಹೆದರಿ ಹಳೇ ದಾರಿ ಹಿಡಿಯಲಿಲ್ಲ. ಫಾರ್ಮ್ ಮನೆಯಲ್ಲೇ ಸ್ವಂತ ಸ್ಟುಡಿಯೋ ಕಟ್ಟಿಸಿದಳು. ಬಾಡಿಗೆ ಸ್ಟುಡಿಯೋದಲ್ಲಿ ಗಡಿಯಾರ ನೋಡುತ್ತಾ ಹಾಡುವ ಕಷ್ಟ ತಪ್ಪಿತು. ಫೇರ್‌ಲೈಟ್ ಅನ್ನುವ ಕಂಪ್ಯೂಟರ್ ವಾದ್ಯ ಇಟ್ಟುಕೊಂಡು, ಬೇಕಾದಷ್ಟು ಸಮಯ ತಗೊಂಡು 1985ರಲ್ಲಿ 'ಹೌಂಡ್ಸ್ ಆಫ್ ಲವ್' ತಂದಳು. ಅದು ಮಡೋನಾಳ ಆಲ್ಬಮ್ ಅನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಹೋಯಿತು.

ಅದರಲ್ಲೇ 'ರನ್ನಿಂಗ್ ಅಪ್ ದಟ್ ಹಿಲ್' ಇರುವುದು. ಗಂಡು, ಹೆಣ್ಣು ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ನೋಡುವಂತಿದ್ದರೆ ಎಷ್ಟೊಂದು ಅರ್ಥವಾಗುತ್ತಿತ್ತು ಅನ್ನುವ ಹಾಡು. ಆಕೆ ಮೊದಲು ಇಟ್ಟ ಹೆಸರಲ್ಲಿ ದೇವರ ಮಾತಿತ್ತು. ಕೆಲವು ದೇಶಗಳ ರೇಡಿಯೋದಲ್ಲಿ ಹಾಕಲ್ಲ ಅಂತ ಕಂಪನಿ ಹೇಳಿದಾಗ ಹೆಸರು ಬದಲಿಸಲು ಒಪ್ಪಿದಳು. ಇದನ್ನೂ ನೀನು ಗಮನಿಸು: ಹೆಸರು ಬಿಟ್ಟುಕೊಟ್ಟಳು, ಹಾಡು ಬಿಟ್ಟುಕೊಡಲಿಲ್ಲ. ಆಗ ಮೂರನೇ ಸ್ಥಾನಕ್ಕೆ ನಿಂತಿದ್ದ ಅದೇ ಹಾಡು, 'ಸ್ಟ್ರೇಂಜರ್ ಥಿಂಗ್ಸ್' ಸೀರಿಯಲ್‌ನಲ್ಲಿ ಬಂದ ಮೇಲೆ 2022ರಲ್ಲಿ ಇಲ್ಲಿ ನಂಬರ್ ಒನ್ ಆಯಿತು. 37 ವರ್ಷ ಆದಮೇಲೆ! ನನ್ನ ಆಫೀಸಿನ ಚಿಕ್ಕ ಹುಡುಗಿಯರೆಲ್ಲ ಗುನುಗುತ್ತಿದ್ದರು.

ಹೌಂಡ್ಸ್ ಆಫ್ ಲವ್‌ನ ಎರಡನೇ ಅರ್ಧ ಒಂದೇ ಕಥೆ. ರಾತ್ರಿ ಸಮುದ್ರದಲ್ಲಿ ಒಬ್ಬಳೇ ತೇಲುತ್ತಿರುವ ಹೆಂಗಸಿನದು. ಮಧ್ಯೆ ನಿಲ್ಲಿಸದೆ ಕೇಳು. ಕೇಳಿ ಹೇಗನಿಸಿತು ಬರಿ. ಜೊತೆಗೆ ನಿನ್ನ ಹೊಸ ಹಾಡನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸು, ಅರ್ಧ ಆಗಿದ್ದರೂ ಪರವಾಗಿಲ್ಲ. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು. ಭಾನುವಾರ ಫೋನ್ ಮಾಡ್ತೀನಿ.

ಇಂತಿ ನಿನ್ನ ಪ್ರೀತಿಯ,
ಅಕ್ಕ