ಬಗ್ಗಿ ಕಾಲ್ಬೆರಳು ಮುಟ್ಟಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳ ಸಮಯ ಬಂತು. ತಾಲ್ಲೂಕು ಮಟ್ಟದ ಓಟದಲ್ಲಿ, ಅದೂ ಅರ್ಧ ದೂರ ಓಡಿದ ಮೇಲೆ, ಯಾರಾದರೊಬ್ಬ ಹುಡುಗ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತಾ ಟ್ರ್ಯಾಕ್‌ನಿಂದ ಆಚೆ ಬರುತ್ತಾನೆ. ಆಗ ಸುತ್ತ ನಿಂತವರದ್ದೆಲ್ಲ ಒಂದೇ ಮಾತು, 'ಸರಿಯಾಗಿ ಸ್ಟ್ರೆಚ್ ಮಾಡಿಲ್ಲ'. ಇದನ್ನು ನಾನು ಒಪ್ಪುವುದಿಲ್ಲ.

ಜೋರಾಗಿ ಓಡುವಾಗ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಹೆಚ್ಚಾಗಿ ಹರಿಯುವುದು ಕಾಲು ಮುಂದೆ ಚಾಚಿ, ಪಾದ ಇನ್ನೇನು ನೆಲಕ್ಕೆ ತಾಗಬೇಕು ಅನ್ನುವ ಗಳಿಗೆಯಲ್ಲಿ. ಆ ಸ್ನಾಯು ಹಿಗ್ಗುತ್ತಲೇ ಕಾಲಿನ ವೇಗಕ್ಕೆ ಬ್ರೇಕ್ ಹಾಕಬೇಕು. ಅದಕ್ಕೆ ಬಲ ಬೇಕು. ಬಗ್ಗಿ ಕಾಲ್ಬೆರಳು ಮುಟ್ಟಿದರೆ ಮೈ ಸಡಿಲ ಆಗುತ್ತೆ ನಿಜ, ಈ ಬಲ ಬರಲ್ಲ. ಓಟಕ್ಕೆ ಸ್ವಲ್ಪ ಮುಂಚೆ ಒಂದು ನಿಮಿಷಕ್ಕಿಂತ ಜಾಸ್ತಿ ಹಾಗೇ ಬಗ್ಗಿ ನಿಂತರಂತೂ ಇರುವ ಬಲವೂ ಸ್ವಲ್ಪ ಹೊತ್ತು ತಗ್ಗಬಹುದು.

ಬಲ ಬರುವುದು ನಾರ್ಡಿಕ್ ವ್ಯಾಯಾಮದಿಂದ. ಸಲಕರಣೆ ಏನೂ ಬೇಡ, ಒಂದು ಜಮಖಾನ ಮಡಚಿ ಹಾಕಿದರೆ ಸಾಕು. ಒಬ್ಬ ಅದರ ಮೇಲೆ ಮಂಡಿಯೂರಬೇಕು, ಇನ್ನೊಬ್ಬ ಹಿಂದಿನಿಂದ ಅವನ ಕಣಕಾಲು ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆಯವರೆಗೆ ಮೈ ನೆಟ್ಟಗಿಟ್ಟು, ಸೊಂಟ ಬಗ್ಗಿಸದೆ, ಆದಷ್ಟು ನಿಧಾನಕ್ಕೆ ಮುಂದಕ್ಕೆ ವಾಲಬೇಕು. ತಡೆಯೋಕೆ ಆಗದೇ ಇದ್ದಾಗ ಕೈಯೂರಿ, ನೆಲ ತಳ್ಳಿ ಮೇಲೇಳುವುದು. ಡೆನ್ಮಾರ್ಕ್‌ನಲ್ಲಿ 942 ಫುಟ್‌ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ 10 ವಾರ ಇದನ್ನು ಮಾಡಿಸಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾಡಿದವರಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ 15, ಮಾಡದವರಲ್ಲಿ 52.

ಸ್ಟ್ರೆಚಿಂಗ್ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಅದನ್ನು ಆಟ ಮುಗಿದ ಮೇಲೆ ಆರಾಮವಾಗಿ ಮಾಡಲಿ. ಓಟಕ್ಕೆ ಮುಂಚೆ ಕಾಲು ಬೀಸುವುದು, ಮಂಡಿ ಎತ್ತಿ ಓಡುವುದು, ಮೆಲ್ಲಗೆ ಶುರು ಮಾಡಿ ವೇಗ ಏರಿಸುತ್ತಾ ನಾಲ್ಕೈದು ಸಲ ಓಡುವುದು, ಇಷ್ಟಾದರೆ ಮೈ ಬಿಸಿಯಾಗುತ್ತೆ.

ನಮ್ಮ ಪಿಇ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುವುದಿಷ್ಟೇ. ಕೂಟಕ್ಕೆ ಎರಡು ತಿಂಗಳು ಇರುವಾಗಲೇ ನಾರ್ಡಿಕ್ ಶುರು ಮಾಡಿಸಿ. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸುತ್ತು ಸಾಕು, ಆಮೇಲೆ ನಿಧಾನವಾಗಿ ಏರಿಸಿ. ಮೊದಮೊದಲು ತೊಡೆ ನೋಯುತ್ತೆ, ಮಕ್ಕಳಿಗೆ ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ ಹೆದರಿ ನಿಲ್ಲಿಸಿಬಿಡ್ತಾರೆ. ಕೂಟದ ಹಿಂದಿನ ದಿನ ಮಾತ್ರ ದಯವಿಟ್ಟು ಮಾಡಿಸಬೇಡಿ.

– ಅಥ್ಲೆಟಿಕ್ಸ್ ತರಬೇತುದಾರ, ಹಾಸನ