ಸ್ಟಾರ್ಟರ್ ಡಬ್ಬಿಯೊಳಗೆ ಸ್ಪ್ರೇ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಅಡಿಕೆ ತೋಟಕ್ಕೆ ನೀರು ಬಿಡುವ ಹೊತ್ತು ಬಂತೆಂದರೆ ನನ್ನ ಅಂಗಡಿ ಮುಂದೆ ಸುಟ್ಟ ಮೋಟಾರುಗಳು ಸಾಲಾಗಿ ಬಂದು ಕೂರುತ್ತವೆ. ಕೋಣಂದೂರಿನಲ್ಲಿ 22 ವರ್ಷಗಳಿಂದ ಪಂಪ್‌ಸೆಟ್ ರಿವೈಂಡಿಂಗ್ ಮಾಡಿಕೊಂಡು ಬಂದವನು ನಾನು. ಜೀಪಿನಿಂದ ಮೋಟಾರ್ ಇಳಿಸುತ್ತಲೇ ಎಲ್ಲರೂ ಹೇಳುವುದು ಒಂದೇ: "ವೋಲ್ಟೇಜ್ ಸರಿ ಇಲ್ಲ ಮಾರಾಯ್ರೆ." ವೋಲ್ಟೇಜಿನ ತೊಂದರೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೂ ಮೋಟಾರ್ ಚಾಲೂ ಮಾಡುವ ಸ್ಟಾರ್ಟರ್ ಡಬ್ಬಿಯನ್ನು ಬಿಚ್ಚಿ ತನ್ನಿ ಎಂದು ವಾಪಸ್ ಕಳಿಸುತ್ತೇನೆ. ತಂದ ಡಬ್ಬಿಯ ಮುಚ್ಚಳ ತೆಗೆದರೆ ಎಷ್ಟೋ ಸಲ ಒಳಗೆ ಹಿಡಿ ತುಂಬ ಸತ್ತ ಇರುವೆ.

ಮಳೆಗಾಲದ ನಾಲ್ಕೈದು ತಿಂಗಳು ಪಂಪಿಗೆ ಕೆಲಸವಿಲ್ಲ. ಹಳ್ಳದ ಬದಿಯ ಶೆಡ್ಡಿನಲ್ಲಿ ಒಣಗಿರುವ ಜಾಗವೆಂದರೆ ಆ ಡಬ್ಬಿಯೊಂದೇ. ಗೂಡಿಗೆ ನೀರು ನುಗ್ಗಿದ ಇರುವೆ ಮೊಟ್ಟೆ ಕಚ್ಚಿಕೊಂಡು ಅಲ್ಲಿಗೇ ಹತ್ತುತ್ತದೆ. ಸ್ಟಾರ್ಟರ್ ಆಫ್ ಆಗಿದ್ದರೂ ಮೇಲಿನ ಟರ್ಮಿನಲ್ಲುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಶಾಕ್ ಹೊಡೆಸಿಕೊಂಡ ಇರುವೆಯ ಮೈಯಿಂದ ಅಪಾಯ ಸೂಚಿಸುವ ಒಂದು ವಾಸನೆ ಹೊರಡುತ್ತದೆ. ಅದು ಉಳಿದವನ್ನು ಓಡಿಸುವ ಬದಲು ಅಲ್ಲಿಗೇ ಕರೆಸುತ್ತದೆ. ಬಂದದ್ದೂ ಸಾಯುತ್ತದೆ, ಇನ್ನಷ್ಟು ಬರುತ್ತದೆ. ಹೆಣದ ಮೇಲೆ ಹೆಣ ಬಿದ್ದು, ಒಂದಕ್ಕೊಂದು ಕೂಡಿ ಮೋಟಾರಿಗೆ ಕರೆಂಟು ಹಾಯಿಸುವ ಪಾಯಿಂಟಿನ ಸಂದು ತುಂಬುತ್ತದೆ.

ಮೂರರಲ್ಲಿ ಒಂದು ಫೇಸಿನ ಪಾಯಿಂಟ್ ಹೀಗೆ ಕೂಡದೆ ಹೋದರೆ ಮೋಟಾರ್ ಎರಡೇ ಫೇಸಿನಲ್ಲಿ ನರಳುತ್ತದೆ, ತಿರುಗುವುದಿಲ್ಲ. ಎಳೆಯುವ ಕರೆಂಟು ಮಾತ್ರ ಹಲವು ಪಟ್ಟು. ಮೂರು ಸುತ್ತಿನ ಒಂದೊಂದು ತುದಿಯನ್ನು ಒಟ್ಟಿಗೆ ಸೇರಿಸಿದ ಸ್ಟಾರ್ ಕನೆಕ್ಷನ್ನಿನ ಮೋಟಾರಾದರೆ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಎರಡು ಫೇಸಿನ ಸುತ್ತು ಕರ್ರಗೆ ಕರಟಿರುತ್ತದೆ, ಇನ್ನೊಂದರ ತಾಮ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಕರೆಂಟು ಹೆಚ್ಚಾದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಕಾಪಾಡಬೇಕು, ನಿಜ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡಿಸಿಕೊಂಡ ಡಬ್ಬಿಗಳೇ ನನ್ನ ಕೈಗೆ ಬರುವುದು. ತ್ರೀ ಫೇಸ್ ನಡುರಾತ್ರಿ ಬಂದರಂತೂ ಆಟೋ ಸ್ಟಾರ್ಟರ್ ತಾನೇ ಹಾಕಿಕೊಳ್ಳುತ್ತದೆ, ಆ ನರಳಾಟ ಕೇಳುವುದಕ್ಕೆ ತೋಟದಲ್ಲಿ ಯಾರಿರುತ್ತಾರೆ? ಪಾಯಿಂಟ್ ಬಿಟ್ಟು, ಅದನ್ನು ಎಳೆದು ಕೂಡಿಸುವ ಮ್ಯಾಗ್ನೆಟ್ಟಿನ ಮುಖಕ್ಕೆ ಇರುವೆ ಸಿಕ್ಕಿದರೆ ಅದು ಪೂರ್ತಿ ಕೂರದೆ ಗುಂಯ್‌ಗುಡುತ್ತದೆ, ಕಾಯಿಲ್ ಸುಡುತ್ತದೆ. ಇರುವೆ ತಿನ್ನಲು ಬಂದ ಹಲ್ಲಿ ಎರಡು ಫೇಸಿಗೆ ಮೈ ತಾಗಿಸಿ ಡಬ್ಬಿಯನ್ನೇ ಹಾರಿಸಿದ್ದನ್ನೂ ಕಂಡಿದ್ದೇನೆ. ಮರದ ಮೀಟರ್ ಬೋರ್ಡಿಗೆ ಒರಲೆ, ವಯರಿಗೆ ಇಲಿ, ಪ್ಲಗ್ಗಿನ ತೂತಿಗೆ ಮಣ್ಣು ಮೆತ್ತುವ ಕಣಜ ಇದ್ದದ್ದೇ.

ಇಷ್ಟಾದರೆ ನಷ್ಟ ದುಡ್ಡಿನದು. ನಾನು ಪತ್ರ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಹೋದ ವರ್ಷ ನಮ್ಮ ಗಿರಾಕಿಯೊಬ್ಬರ ಮಗ ಸ್ಟಾರ್ಟರ್ ಗುಂಯ್‌ಗುಡುತ್ತಿದೆಯೆಂದು ಮುಚ್ಚಳ ತೆಗೆದು, ಮನೆಯಲ್ಲಿದ್ದ ಜಿರಲೆ ಸ್ಪ್ರೇ ಹೊಡೆದ. ಲೈನ್ ತೆಗೆದಿರಲಿಲ್ಲ. ಅಂಥ ಡಬ್ಬಗಳಲ್ಲಿ ಔಷಧಿಯನ್ನು ಹೊರಗೆ ತಳ್ಳಲು ಅಡುಗೆ ಗ್ಯಾಸಿನಂಥದ್ದೇ ಉರಿಯುವ ಅನಿಲ ತುಂಬಿರುತ್ತದೆ. ಪಾಯಿಂಟಿನ ಕಿಡಿಗೆ ಅದು ಭಗ್ಗೆಂದಿತು. ಮುಖವೂ ಬಲಗೈಯೂ ಸುಟ್ಟವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆ ಹುಡುಗನನ್ನು ನೋಡಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವರ ಮನೆಯ ಸ್ಟಾರ್ಟರನ್ನು ಎರಡು ಸಲ ರಿಪೇರಿ ಮಾಡಿಕೊಟ್ಟವನು ನಾನೇ. ಈ ಒಂದು ಮಾತನ್ನು ಅವರಿಗೆ ಹೇಳಿರಲಿಲ್ಲ.

ಆದ್ದರಿಂದ ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಸ್ಪ್ರೇ, ಸೀಮೆಎಣ್ಣೆ, ಪೆಟ್ರೋಲು ಯಾವುದನ್ನೂ ಸ್ಟಾರ್ಟರಿನೊಳಗೆ ಹಾಕಬೇಡಿ. ಆಫ್ ಬಟನ್ ಒತ್ತಿದ ಮಾತ್ರಕ್ಕೆ ಕೈ ಹಾಕಬೇಡಿ, ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಮೂರೂ ಫೇಸಿಗೆ ಟೆಸ್ಟರ್ ಹಿಡಿದು ನೋಡಿ. ಆಮೇಲೆ ಬಣ್ಣ ಹೊಡೆಯುವ ಒಣ ಬ್ರಷ್ಷಿನಿಂದ ಗುಡಿಸಿದರೆ ಸಾಕು. ಪಾಯಿಂಟನ್ನು ಮರಳುಕಾಗದದಲ್ಲಿ ತಿಕ್ಕಬೇಡಿ, ತುದಿಯಲ್ಲಿರುವ ಬೆಳ್ಳಿಯ ಮಿಶ್ರಲೋಹ ಸವೆದು ಹೋಗುತ್ತದೆ. ಇಷ್ಟು ಮಾಡಲು ಧೈರ್ಯ ಬಾರದಿದ್ದರೆ ತಿಳಿದವರನ್ನು ಕರೆಸಿ.

ಇರುವೆ ಬರುವ ದಾರಿ ವಯರಿನ ತೂತು. ಡಬ್ಬಿಯೊಳಗೆ ದೂಳು, ನೀರು ಹೋಗದಂತೆ ಎಷ್ಟು ತಡೆಯಿದೆ ಎಂದು ತಿಳಿಸಲು ಅದರ ಮೇಲೆ ಐಪಿ ಎಂದು ಬರೆದು ಎರಡು ಅಂಕಿ ಹಾಕಿರುತ್ತಾರೆ. ಮೊದಲ ಅಂಕಿ 4 ಇದ್ದರೆ 1 ಮಿಲಿಮೀಟರಿನ ತಂತಿ ಒಳಗೆ ಹೋಗದು, 5 ಇದ್ದರೆ ದೂಳಿಗೂ ಬಹುಮಟ್ಟಿಗೆ ತಡೆ. ನಮ್ಮ ಸಣ್ಣ ಇರುವೆಗೆ 5 ಬೇಕು. ಆದರೆ ಬೆರಳು ತೂರುವಷ್ಟು ತೂತಿನಲ್ಲಿ ವಯರ್ ಹಾಯಿಸಿ ಹಾಗೇ ಬಿಟ್ಟರೆ ಯಾವ ಅಂಕಿಯಿದ್ದೂ ಪ್ರಯೋಜನವಿಲ್ಲ. ತೂತಿನಲ್ಲಿ ವಯರನ್ನು ಸುತ್ತಲೂ ಬಿಗಿಹಿಡಿಯುವ ಗ್ಲ್ಯಾಂಡನ್ನು ವಯರಿನ ದಪ್ಪಕ್ಕೆ ಸರಿಯಾಗಿ ಹಾಕಿ ಬಿಗಿ ಮಾಡಿಸಿ, ಉಳಿದ ತೂತುಗಳಿಗೆ ಎಂ-ಸೀಲ್ ಮೆತ್ತಿ. ಹತ್ತಿ, ಬಟ್ಟೆ ತುರುಕಬೇಡಿ, ನಮ್ಮ ಕಡೆಯ ಥಂಡಿಗೆ ಅದು ನೀರು ಹೀರಿಕೊಂಡು ಕೂರುತ್ತದೆ.

ವಿದ್ಯುತ್ ಕೊಡುವವರಲ್ಲೂ ಒಂದು ಕೋರಿಕೆ ಇದೆ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಫ್ಯೂಸ್ ಡಬ್ಬಿಗಳಿಗೆ ಬಾಗಿಲೇ ಇಲ್ಲದ್ದು ಹಲವಿವೆ. ಒಳಗೆ ಇರುವೆ ಗೂಡು, ಬಳ್ಳಿ, ಹಲ್ಲಿ. ಲೈನ್‌ಮನ್‌ಗಳು ಮಳೆಯಲ್ಲಿ ಕೈ ಹಾಕುವುದು ಅದರೊಳಗೇ. ಬರುವ ಮುಂಗಾರಿಗೆ ಮೊದಲಾದರೂ ಅವಕ್ಕೆ ಬಾಗಿಲು ಕೂರಿಸಿಕೊಡಿ.

ಗ್ಲ್ಯಾಂಡ್ ಹಾಕುವುದು ಗೊತ್ತಿಲ್ಲದವರು ಸಂತೆಗೆ ಬಂದಾಗಲೋ ಇನ್ಯಾವಾಗಲೋ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬನ್ನಿ. ತೋರಿಸಿಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

– ಒಬ್ಬ ಪಂಪ್‌ಸೆಟ್ ರಿಪೇರಿಗಾರ, ಕೋಣಂದೂರು, ತೀರ್ಥಹಳ್ಳಿ ತಾಲ್ಲೂಕು